ನಲವತ್ತೆಂಟನೆಯ ಬಾಬ್ತು

ಶ್ರೀರಂಗಪಟ್ಟಣದ ಹೊಳೆದಂಡೆಗೆ ಉದ್ಯಾನ ಬರುತ್ತದಂತೆ:
ನಡೆಯುವವರಿಗೆ ಟೈಲ್ಸಿನ ಹಾದಿ, ಉಕ್ಕಿನ ಕಟಾಂಜನ,
ಫೋಟೊ ಹಿಡಿಯುವುದಕ್ಕೆಂದೇ ಒಂದು ಕಟ್ಟೆ.
ಅದಕ್ಕೂ ಮುಂಚೆ ಇರುವುದನ್ನೆಲ್ಲ ಎಣಿಸಿಕೊಂಡು ಬಾ
ಎಂದು ನನ್ನನ್ನು ಅಟ್ಟಿದ್ದಾರೆ,
ಕೈಯಲ್ಲಿ ಟೇಪು, ಸೀಮೆಸುಣ್ಣ, ಎಂಟು ಕಾಲಮ್ಮಿನ ನಮೂನೆ.

ನಾಗರಕಲ್ಲು ಮೂರು. ಮುಕ್ಕಾದ ಮೆಟ್ಟಿಲು ಇಪ್ಪತ್ತೆರಡು.
ಅರಳಿಕಟ್ಟೆ ಒಂದು, ಬೇರು ನುಗ್ಗಿ ಬಿರುಕು.
ಸ್ಥಿತಿ: ಸಾಧಾರಣ. ಸ್ಥಿತಿ: ಸಾಧಾರಣ.
ಬಿಸಿಲೇರಿದಂತೆ ನನ್ನ ಅಕ್ಷರವೂ ಸಾಧಾರಣ.

ನಲವತ್ತೇಳು, ನೀರಂಚಿನ ಒಂದು ಕಂಬಗಲ್ಲು.
ಕೆತ್ತನೆ ಇಲ್ಲ. ಶಾಸನ ಇಲ್ಲ.
ನಡುವಿನಲ್ಲಿ ಒಂದು ಗೀರು, ಒಂದೂವರೆ ಅಂಗುಲ ಆಳ.
ಬಳಕೆ ಎಂಬಲ್ಲಿ ‘ಇಲ್ಲ’ ಎಂದು ಬರೆಯುತ್ತಿದ್ದೆ,
ಹಿಂದೆ ಬಲೆ ಕೊಡವುತ್ತಿದ್ದ ಸದ್ದು ನಿಂತಿತು.

“ಏನ್ ಬರ್ಕಂಡ್ರಿ ಸಾಮಿ ಅದ್ಕೆ?”
ಹೊಂಬಾಳಮ್ಮ. ಸೆರಗಿಗಂಟಿದ ಮೀನಿನ ಹುರುಪೆ ಮಿನುಗುತ್ತಿತ್ತು.
ಓದಿ ಹೇಳಿದೆ. ನಗಲಿಲ್ಲ, ಬೈಯಲೂ ಇಲ್ಲ.
ಹರಿಗೋಲಿನೊಳಗಿಂದ ಹಗ್ಗದ ತುದಿ ಎಳೆದು ತಂದು
ಗೀರಿಗೆ ಸುತ್ತಿದಳು.
ಹಳೆಯ ಕಾಲುಂಗುರ ಬೆರಳಿನ ತಗ್ಗಿಗೆ ಕೂತಂತೆ
ಕೂತಿತು.

“ನಮ್ಮತ್ತೆ ಕಾಲ್ದಲ್ಲಿ ಇದು ಉಗುರ್ನಷ್ಟಿತ್ತು.
ಅವ್ರತ್ತೆಗೆ ಕಲ್ಲು ನುಣ್ಗಿತ್ತಂತೆ.”

ಅಳಿಸಿದೆ. ಕಾಗದ ಅಲ್ಲಿ ತೆಳ್ಳಗಾಯಿತು.
ವಯಸ್ಸು ಎಂಬ ಕಾಲಮ್ಮಿನಲ್ಲಿ ಏನು ಬರೆಯಲಿ,
ಮೂರು ಅತ್ತೆಯರು ಎಂದೇ?

ಅವಳಾಗಲೇ ನೀರಿಗಿಳಿದಿದ್ದಳು, ಮೊಣಕಾಲವರೆಗೆ.
“ಇದ್ನೂ ಬರ್ಕಳಿ. ಇಲ್ಲೊಂದು ಮೆಟ್ಲೈತೆ.
ಕನ್ನಂಬಾಡೀಲಿ ನೀರ್ ನಿಲ್ಸುದ್ರೆ ಮ್ಯಾಕ್ ಬತ್ತದೆ,
ಬುಟ್ರೆ ಒಳೀಕ್ ಓಯ್ತದೆ.
ಇದ್ರ ಮ್ಯಾಲ್ ನಿಂತೇ ನಾನು ಈಜ್ ಕಲ್ತಿದ್ದು.”

“ಕಾಣುತ್ತಿಲ್ಲವಲ್ಲ,” ಅಂದೆ.
ಹಸಿರು ನೀರು, ಅದರ ಮೇಲೊಂದು ನೀರುಕಾಗೆಯ ನೆರಳು,
ಯಾರದೋ ಕೈಯಿಂದ ತೇಲಿಬಂದ ಚೆಂಡುಹೂವು.

ಪ್ಯಾಂಟು ಮಡಚಿದೆ. ಚಪ್ಪಲಿ ಬಿಟ್ಟೆ.
ನಮೂನೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕಾಲು ಚಾಚಿದೆ:
ಕೆಸರು, ಕೆಸರು, ಜಾರುವ ಪಾಚಿ,
ಆಮೇಲೆ ತಟ್ಟನೆ, ತಣ್ಣಗೆ, ಒಂದು ಅಂಚು,
ಯಾರೋ ಉಳಿ ಹಿಡಿದು ದುಂಡಗೆ ತೀಡಿದ್ದು,
ಹಿಮ್ಮಡಿ ಊರುವ ಕಡೆ ಮಾತ್ರ ತುಸು ಸವೆದದ್ದು.

ದಡಕ್ಕೆ ಬಂದು ಒದ್ದೆ ಕೈಯಲ್ಲೇ ಬರೆದೆ.
ನಲವತ್ತೆಂಟು. ಮೆಟ್ಟಿಲು.
ಕಾಣುವುದಿಲ್ಲ.
ಕಾಲಿಗೆ ಸಿಗುತ್ತದೆ.