ಅಮದಳ್ಳಿ ದಾಟುವಾಗ

ಬೆಳಗಿನ ಐದಕ್ಕೆ ಬೀಗ ಹಾಕುವ ಮುಂಚೆ
ಸ್ಟೀಲಿನ ಬೋಗುಣಿಯಲ್ಲಿ ನೀರು,
ಉರುಳಿಸಿಬಿಡುತ್ತಾನೆಂದು ಒಳಗೊಂದು ಹೊಳೆಗಲ್ಲು.
ತಟ್ಟೆಯಲ್ಲಿ ನಿನ್ನೆಯ ಗಂಜಿ,
ಮೇಲೆ ತಾರ್ಲೆ ಎರಡು, ಮುಳ್ಳು ಬಿಡಿಸಿದ್ದು.
ಗೋಣಿಯ ಮೇಲೆ ನನ್ನ ಹಳೆಯ ಖಾಕಿ ಅಂಗಿ.
ಅದನ್ನು ತೊಳೆಯಬಾರದು, ವಾಸನೆ ಹೋಗುತ್ತದೆ.
ಕಿಟಕಿ ಅರ್ಧ. ಫ್ಯಾನು ಒಂದರಲ್ಲಿ.
ಬರ್ತೆ ಹಾಂ, ಎಂದದ್ದು
ಅವನಿಗೋ ನನಗೋ.

ಹೆಸರು ಪಾಸು.
ಹೋದ ವರ್ಷ ಕುಮಟೆಯ ಕೊನೇ ಗಾಡಿಯಲ್ಲಿ
ಹಿಂದಿನ ಸೀಟಿನ ಕೆಳಗೆ, ಮೀನುಬುಟ್ಟಿ ಸೋರಿದ ಒದ್ದೆಯಲ್ಲಿ
ಅಂಗೈಯಷ್ಟಿದ್ದ. ಟಿಕೇಟು ಕೇಳಿದೆ.
ಹೆಬ್ಬೆರಳು ಚೀಪಿದ.
ಚೆಕಿಂಗಿನವರು ಹತ್ತಿದರೇನು ಗತಿ ಎಂದರೆ
ಡ್ರೈವರ್ ಬೊಮ್ಮಯ್ಯ ಕನ್ನಡಿಯಲ್ಲೇ ನಕ್ಕು
"ಬರಕೊಳ್ಳಿ, ಪಾಸು ಇದ್ದವ" ಎಂದ.

ಈಗ ನಮ್ಮದು ಕಾರವಾರ–ಅಂಕೋಲಾ.
ಎರಡು ಸಲ ಹೋಗಿ ಎರಡು ಸಲ ಬಂದು
ದಿನಕ್ಕೆ ನಾಲ್ಕು ಬಾರಿ ನನ್ನ ಮನೆಯ ಮುಂದೆ.
ಬಿಣಗಾ ಇಳಿದು, ಅರಗಾದಲ್ಲಿ ನೌಕಾನೆಲೆಯ ಗೋಡೆ
ಮುಗಿಯದೆ ಮುಗಿಯದೆ ಮುಗಿದು,
ಗೇರುಮರ, ನೀಲಿ ಬಾಗಿಲು, ಆಯಿತು.
ಎಂಟು ಸೆಕೆಂಡು. ಎಣಿಸಿದ್ದೇನೆ.
ಎಂಟು ಸೆಕೆಂಡಿನಲ್ಲಿ ಒಬ್ಬನಿಗೆ ಚಿಲ್ಲರೆ ಕೊಡಬಹುದು,
ಒಬ್ಬಳ ಆಧಾರ್ ಕಾರ್ಡು ನೋಡಿ ಸೊನ್ನೆಯ ಟಿಕೇಟು ಹರಿಯಬಹುದು.
ಇಳಿದು ಬೀಗ ತೆಗೆಯಲಿಕ್ಕಾಗುವುದಿಲ್ಲ.

ಅದಕ್ಕೇ ಬೊಮ್ಮಯ್ಯನಿಗೆ ಹೇಳಿಟ್ಟಿದ್ದೆ:
ಗೇರುಮರ ಕಂಡಾಗ ಎರಡು ಹಾರ್ನು,
ಒಂದು ಗಿಡ್ಡ, ಒಂದು ಉದ್ದ.
ಪುಣ್ಯಾತ್ಮ ಒಂದು ದಿನ ತಪ್ಪಿಸಲಿಲ್ಲ.
ನಿತ್ಯ ಹತ್ತುವ ಶಾಲೆಯ ಬಾಯೋರು ಕೂಡ
"ನಿಮ್ಮ ಪಾಸು ಉಂಡನೇ?" ಎನ್ನತೊಡಗಿದರು.
ನಾನು ಬಾಗಿಲ ಸರಳು ಹಿಡಿದು ನಿಂತು
ಎದೆ ಹಗುರ ಮಾಡಿಕೊಳ್ಳುತ್ತಿದ್ದೆ,
ಇದ್ದೇನೆ, ಇಲ್ಲೇ ಇದ್ದೇನೆ ಅಂತ
ಹೇಳಿ ಹೋದ ಹಾಗೆ.
ಆದರೂ ಮಧ್ಯಾಹ್ನ ಅಂಕೋಲೆ ಸ್ಟ್ಯಾಂಡಿನಲ್ಲಿ ಡಬ್ಬಿ ಬಿಚ್ಚಿದರೆ
ಕೊನೆಯ ತುತ್ತನ್ನು ಕೈ ತಾನಾಗಿ
ಬದಿಗೆ ಸರಿಸುತ್ತಿತ್ತು.

ಮೊನ್ನೆ ರವಿವಾರ ಪಕ್ಕದ ಮನೆ ರೆಮೆದಿಬಾಯಿ
ಬಟ್ಟೆ ಹಿಂಡುತ್ತ, ನನ್ನ ಮುಖ ನೋಡದೆ ಹೇಳಿದಳು:
"ಒಂದು ಮಾತು. ಅದು ನಿದ್ದೆ ಮಾಡೂದಿಲ್ಲ.
ಪೋಂ ಅಂದ ಕೂಡಲೆ ಬಾಗಿಲಿಗೆ ಬೀಳ್ತದೆ.
ಕೆರೀತದೆ, ಕೆರೀತದೆ. ಆಮೇಲೆ ಅಲ್ಲೇ ಕೂತು
ಬಾಲ ಮಾತ್ರ ನೆಲಕ್ಕೆ, ಟಪ್ ಟಪ್.
ನಾ ಕಿಟಕಿಯಿಂದ ಕರೆದರೂ ತಿರುಗೂದಿಲ್ಲ.
ಇನ್ನೇನು ಕಣ್ಣು ಮುಚ್ಚಿತು ಅನ್ನೂದರೊಳಗೆ
ನಿಮ್ಮ ಮತ್ತೊಂದು ಟ್ರಿಪ್ಪು."

ಆ ಸಂಜೆ ಮೊದಲ ಸಲ
ನೀಲಿ ಬಾಗಿಲನ್ನು ಒಳಗಿನಿಂದ ಮುಚ್ಚಿ ನೋಡಿದೆ.
ಮೊಣಕಾಲೆತ್ತರದವರೆಗೆ ಬಣ್ಣವಿಲ್ಲ,
ಕಟ್ಟಿಗೆಯ ಬಿಳಿ ಎದ್ದಿದೆ.
ದಿನವೂ ನೂಕಿಕೊಂಡು ಬರುತ್ತಿದ್ದೆ,
ಅದು ಗೋಡೆಗೆ ಒರಗುತ್ತಿತ್ತು,
ಇವನು ಕುಣಿಯುತ್ತಿದ್ದ,
ಯಾರು ನೋಡುತ್ತಾರೆ ಬಾಗಿಲ ಬೆನ್ನು?
ಪಕ್ಕದಲ್ಲಿ ಕೂತು ಉಗುರು ಹಿಡಿದು ನೋಡಿದೆ.
ಒಂದರ ತುದಿಗೆ ನೀಲಿ ಇನ್ನೂ ಅಂಟಿತ್ತು.

ಸೋಮವಾರ, ಮೊದಲ ಟ್ರಿಪ್ಪು.
ಬೊಮ್ಮಯ್ಯನ ಕೈ ರೂಢಿಯಂತೆ ಹಾರ್ನಿಗೆ ಹೋಯಿತು.
ಬೇಡ ಎಂದೆ.
"ಯಾಕೆ, ಯಾರಿಗಾದರೂ ಕೊಟ್ಟುಬಿಟ್ಟಿರಾ?"
"ಮಲಗಿದ್ದಾನೆ."
ಆತ ಮತ್ತೆ ಕೇಳಲಿಲ್ಲ. ಗೇರು ಇಳಿಸಿ,
ತೊಟ್ಟಿಲಿರುವ ಮನೆಯಲ್ಲಿ
ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವವನ ಹಾಗೆ
ಆ ಹಳೆಯ ತಗಡಿನ ಗಾಡಿಯನ್ನು ದಾಟಿಸಿದ.
ಖಾಲಿ ಬುಟ್ಟಿಯ ಹೆಂಗಸರು ಮಾತು ನಿಲ್ಲಿಸಿದರು,
ಏನೆಂದು ತಿಳಿಯದೆ.
ಹನ್ನೊಂದು ಸೆಕೆಂಡು.

ಗೇರುಮರದ ಹತ್ತಿರ ಇಳಿಯಬೇಕಿದ್ದವನೊಬ್ಬ
ಆಗಲೇ ಎರಡು ಸಲ ಕೂಗಿದ್ದನಂತೆ.
ಸೀಟಿ ನನ್ನ ತುಟಿಯಲ್ಲೇ ಇತ್ತು.
ಊದಿದ್ದು ಒಂದು ಫರ್ಲಾಂಗು ಮುಂದೆ ಹೋದ ಮೇಲೆ.
"ಕಿವಿ ಕೇಳೂದಿಲ್ಲವಾ ನಿಮಗೆ?"
ಬೈಯುತ್ತ ಇಳಿದು, ಚೀಲ ಹೊತ್ತು
ಹಿಂದಕ್ಕೆ ನಡೆದ.
ನಾನು ಚಿಲ್ಲರೆ ಎಣಿಸುತ್ತಿದ್ದೆ.