ತೂಕ ಸರಿ ಐತಿ

ಡಬ್ಬಿ ಒಡೀಬ್ಯಾಡ, ತಡಿ.
ಮೊದಲ ನಿನ್ನ ಫೋನ್ ತಗಿ, ಪೂರ್ಣಿ,
ಆ ಸ್ಟೂಲಿನ ಮ್ಯಾಲ ನಿಂತು ಶೂಟಿಂಗ್ ಚಾಲೂ ಮಾಡು.
ನಾಕೂ ಮಗ್ಗಲಾ ಬರಬೇಕು, ಟೇಪು ಬರಬೇಕು,
ಹೆಸರಿನ ಚೀಟಿ ಬರಬೇಕು, ನನ್ನ ಎರಡೂ ಕೈ ಬರಬೇಕು.
ಕೆಮ್ಮು ಬಂದ್ರ ಕೆಮ್ಮು,
ನಡುವ ನಿಲ್ಲಿಸಬ್ಯಾಡ.

ಹಿಂದಿನ ಸಲ ಹಿಂಗ ಮಾಡಲಿಲ್ಲ.
ಇಳಕಲ್ಲಿನ ಮಂದಿ ನಾವು, ಕಲ್ಲಿನ ಊರು,
ಆದ್ರೂ ಒಂದು ಲಕ್ಷದ ಹನ್ನೆರಡು ಸಾವಿರ ಕೊಟ್ಟು
ಕಲ್ಲು ತರಿಸಿಕೊಂಡಾಕಿ ಊರಾಗ ನಾನೊಬ್ಬಾಕಿನ.
ಎಷ್ಟು ಕುಬಸ, ಎಷ್ಟು ತೊಟ್ಟಿಲು,
ಎಷ್ಟು ಸತ್ತವರ ಮುಖ ದೊಡ್ಡದು ಮಾಡಿ
ಕಟ್ಟು ಹಾಕಿಸಿ ಕೊಟ್ಟ ರೊಕ್ಕ ಅದು.
ಗುಳ್ಳಿ ಪ್ಲಾಸ್ಟಿಕ್ಕಿನ್ಯಾಗ
ಕೂಸಿನಂಗ ಮಲಗಿತ್ತು ಕಲ್ಲು.

ಕಂಪನಿ ಹುಡುಗಿ ಫೋನಿನ್ಯಾಗ ಭಾಳ ಮೆತ್ತಗ ಅಂದ್ಳು:
'ಮೇಡಂ, ನಮ್ಮ ಕಡೆಯಿಂದ ತೂಕ ಸರಿ ಇದೆ.'

ಪಾಲಿಶ್ ಫ್ಯಾಕ್ಟರಿ ದಾವಲಸಾಬ ಕಾಕಾನ ಕೈಯಾಗ ಕೊಟ್ಟೆ.
ಹೊಳ್ಳಿಸಿ ನೋಡಿದ, ಹೆಬ್ಬೆರಳಲೆ ಅಂಚು ಸವರಿದ.
'ನಮ್ಮ ಕಲ್ಲಲ್ಲವಾ ಇದು, ಬ್ಯಾರೆ ಕಡೇದು.
ಆದ್ರ ಕೊಯ್ದಾವ ಹುಷಾರ ಅದಾನ,
ಗ್ರಾಂ ಗ್ರಾಂ ಲೆಕ್ಕ ಹಾಕಿ ತಿಕ್ಕ್ಯಾನ ನೋಡು.'
ಅವತ್ತ ರಾತ್ರಿ ನಿದ್ದಿ ಹತ್ತಲಿಲ್ಲ.
ರೊಕ್ಕ ಹೋತಂತಲ್ಲ.
ಯಾವನೋ ಒಬ್ಬ, ಎಲ್ಲೋ, ದೀಪದ ಕೆಳಗ ಕುಂತು,
ತಕ್ಕಡಿ ನೋಡಿಕೋತ,
ನನಗಂತನ
ಇಷ್ಟು ಶ್ರದ್ಧಾದಿಂದ ದುಡದಾನಲ್ಲ, ಅದಕ್ಕ.

ಹೂಂ, ಈ ಮಗ್ಗಲಾ ತೋರಿಸು. ಕತ್ತರಿ ಎಲ್ಲಿ?
ಬಾಗಿಲಾಗ ಯಮನೂರ ನಿಂತಾನ:
'ಅಕ್ಕಾರ, ಓಟಿಪಿ ಹೇಳ್ರಿ, ಇನ್ನ ನಲವತ್ತು ಪಾರ್ಸಲ್ ಅದಾವ.'
ಕುಂದರಪಾ, ಚಾ ಕುಡಿ,
ಒಳಗೇನೈತಿ ನೋಡಿದ ಮ್ಯಾಲ ಹೇಳ್ತೀನಿ.
ಮಾರಿ ಸಣ್ಣದು ಮಾಡಿದ. ಸಿಟ್ಟಲ್ಲ ಅದು.
ಹಿಂದ ಆ ಕಲ್ಲಿನ ಸಲುವಾಗಿ
ಮೂರು ಸಲ ಅವನ ಚೀಲಾ ಬಿಚ್ಚಿಸಿದ್ರಂತ,
ಇವತ್ತ ಹೇಳಿದ.

ಕ್ಯಾಮೆರಾ.
ಕ್ಯಾಮೆರಾನ ಐತಿ!
ನಿಲ್ಲಿಸಬ್ಯಾಡ ಪೂರ್ಣಿ, ಇನ್ನೂ ಐತಿ.
ತಳದ ನಂಬರು, ಡಬ್ಬಿ ನಂಬರು, ಬಿಲ್ಲಿನ ನಂಬರು
ಜೋರಾಗಿ ಓದು. ಮೂರೂ ಒಂದ.
ಕಾರ್ಡು ಹಾಕಿ ಮೊದಲನೇ ಫೋಟೋ ಹೊಡದೆ:
ಯಮನೂರ, ಕೈಯಾಗ ಚಾದ ಕಪ್ಪು.
ಒಳಗಿನ ಎಣಿಕಿ ತಗದು ನೋಡಿದೆ.
ಮೂರು ಸಾವಿರದ ನಾಕನೂರಾ ಹತ್ತೊಂಬತ್ತು.

ಯಾರದೋ ಮದುವಿ ಆಗಿ ಹೋಗೈತಿ ಇದರಾಗ.
ಅರಿಶಿಣ, ಅಕ್ಕಿಕಾಳು, ಬೀಗರ ಜಗಳ
ಎಲ್ಲಾ ತಗದು, ಒರಸಿ, ಹತ್ತು ದಿನದೊಳಗ
'ಮನಸಿಗೆ ಬರಲಿಲ್ಲ' ಅಂತ ವಾಪಸ್ ಕಳಿಸ್ಯಾರ.
ಹೊಸಾ ಟೇಪು ಹಚ್ಚಿ
ಹೊಸಾದಂತ ನನಗ ಮಾರ್ಯಾರ.

ಹೋದ ವೈಶಾಖದಾಗ ಗುಡೂರಿನ ಗಿರಾಕಿ ಅಂದಿದ್ದ:
'ತರಸ್ರಿ, ನಮ್ಮ ಮದುವಿ ಮುಗಸ್ರಿ, ಹೊಳ್ಳಿ ಕಳಸ್ರಿ,
ಯಾರಿಗೆ ಗೊತ್ತಾಗತೈತಿ?'
ಬ್ಯಾಡಂದೆ.
ತಡಮಾಡಿ ಅಂದೆ.
ಆ ತಡ ಎಷ್ಟಿತ್ತನ್ನೂದು
ಯಾವ ವಿಡಿಯೋದಾಗೂ ಇಲ್ಲ.

ತಗೊಂಡು ಹೋಗಪಾ ಯಮನೂರ, ಓಟಿಪಿ ಇಲ್ಲ.
ತಡಿ, ನೀನೂ ಶೂಟಿಂಗ್ ಮಾಡಿಕೋ,
ನಂಬರು ನೋಡಿಕೋ, ನನ್ನ ಕೈ ನೋಡಿಕೋ.
ನಾಳೆ ಮತ್ತ ನಿನ್ನ ಚೀಲಾ ಬಿಚ್ಚಿಸಬಾರದು.
ಹೋಗೂ ಮುಂದ ಆ ಕದದ ಕಲ್ಲು ಹಂಗ ಇರಲಿ, ಸರಿಸಬ್ಯಾಡ,
ಗಾಳಿಗೆ ಬಡಕೋತೈತಿ.

ಕಾರ್ಡು ಮಾತ್ರ ನನ್ನ ಹಂತ್ಯಾಕಿರಲಿ.
ನಿನ್ನ ಫೋಟೋ
ಚಲೋ ಬಂದೈತಿ.