ಎರಡನೇ ಗೇರು

ಓಸ್ಮೊ ರೌತಿಯೊನ ಹಳದಿ ಕಾರು
ವರ್ಷಕ್ಕೆ ಏಳು ತಿಂಗಳು ನನ್ನ ಗ್ಯಾರೇಜಿನ ಮೂಲೆಯಲ್ಲಿ
ಹತ್ತಿಬಟ್ಟೆ ಹೊದ್ದು ಮಲಗಿರುತ್ತದೆ.
ಬ್ಯಾಟರಿ ಸಾಯದಿರಲೆಂದು ಒಂದು ತಂತಿ,
ಸುತ್ತ ನಾಲ್ಕು ಇಲಿಬೋನು.
ಹೋದ ಚಳಿಗಾಲ ಇಲಿ ಕಡಿದ ಒಂದು ಮೊಳ ವೈರಿಗೆ
ನಾನು ಹಾಕಿದ ಬಿಲ್ಲು ಸಾವಿರದ ನಾನೂರು ಯೂರೋ.
"ಇಲಿಗೆ ರುಚಿ ಗೊತ್ತು" ಅಂದ. ಕಟ್ಟಿದ.

ಮೂವತ್ತೊಂದು ವರ್ಷ ಕುವೊಪಿಯೊ ಊರಿನ ಚರಂಡಿ ಕೊಳವೆಗಳಿಗೆ
ಕೈ ಹಾಕಿದವನು, ಒಂದು ದಿನ ಕೈ ತೊಳೆದು ಹೋಗಿ
ಇಟಲಿಯಿಂದ ಇದನ್ನು ತಂದ.
ಹೆಂಡತಿ ಹೆಲ್ವಿ ಬಾಗಿಲಲ್ಲೇ ಕೇಳಿದಳಂತೆ:
"ಆಲೂಗಡ್ಡೆ ಮೂಟೆ ಎಲ್ಲಿಡ್ತೀಯ?"
ಉತ್ತರ ಇನ್ನೂ ಸಿಕ್ಕಿಲ್ಲ. ಡಿಕ್ಕಿಯಲ್ಲಿ ಒಂದು ಟೋಪಿ ಹಿಡಿಸುತ್ತದೆ,
ಟೋಪಿ ಮೆತ್ತಗಿದ್ದರೆ.

ಜನ ಸದ್ದಿನ ಬಗ್ಗೆ ಕೇಳುತ್ತಾರೆ.
ನಾನು ಬೆಲ್ಟಿನ ಬಗ್ಗೆ ಹೇಳುತ್ತೇನೆ:
ಬೆರಳಗಲದ ರಬ್ಬರು, ಐದು ವರ್ಷಕ್ಕೊಮ್ಮೆ ಬದಲಿಸಬೇಕು,
ಓಡಲಿ, ಓಡದಿರಲಿ.
ಅದಕ್ಕೆ ಇಡೀ ಎಂಜಿನ್ನನ್ನೇ ಇಳಿಸಬೇಕು,
ಮೂಗುತಿ ತಿರುಪಲು ತಲೆ ಕಳಚಿದ ಹಾಗೆ.

ಊರಿನ ರಸ್ತೆ ಉಬ್ಬುಗಳೆಲ್ಲ ಅವನಿಗೆ ಬಾಯಿಪಾಠ.
ಶಾಲೆ ಮುಂದಿನದನ್ನು ಓರೆಯಾಗಿ ಹತ್ತಬಹುದು,
ಆಸ್ಪತ್ರೆಯದು ಆಗುವುದಿಲ್ಲ.
ಹಾಗಾಗಿ ಮಂಡಿ ತೋರಿಸಲು ಬಸ್ಸಿನಲ್ಲಿ ಹೋಗುತ್ತಾನೆ.

ಮಂಡಿ. ಅದೇ ಈಗ ತಕರಾರು.
ಸೀಟು ನೆಲದಿಂದ ಒಂದು ಗೇಣು; ಕಾರಿಳಿಯುವುದೆಂದರೆ
ಬಾವಿಯಿಂದ ಮೇಲೆ ಬರುವುದು.
ಮೊದಲು ಎಡಗಾಲು, ಆಮೇಲೆ ಒಂದು ಬೈಗುಳ,
ಆಮೇಲೆ ನನ್ನ ಭುಜ.

ಬೆಲ್ಟ್ ಹಾಕಿದ ಮೇಲೆ ಓಡಿಸಿ ನೋಡಬೇಕು, ಅದು ಕೆಲಸ.
ಜೂನಿನ ರಾತ್ರಿ ಹತ್ತೂವರೆ. ಸೂರ್ಯ ಸರೋವರದ ಮೇಲೆ
ಏನೋ ಮರೆತು ಹೊರಟವನಂತೆ ತಡೆದು ನಿಂತಿದ್ದ.
ಎಣ್ಣೆ ಬಿಸಿಯಾಗುವವರೆಗೆ ಇದು ಎರಡನೇ ಗೇರಿಗೆ ಒಪ್ಪುವುದಿಲ್ಲ.
ಒಂದರಿಂದ ಮೂರಕ್ಕೆ ಹಾರಬೇಕು;
ಒತ್ತಾಯಿಸಿದರೆ ಹಲ್ಲು ಕಡಿಯುತ್ತದೆ.
ಹತ್ತು ಹನ್ನೆರಡು ಕಿಲೋಮೀಟರು ಪುಸಲಾಯಿಸಿದೆ.
ಸೀಲಿನ್‌ಯಾರ್ವಿ ದಾಟಿ, ಸುಮ್ಮನೆ ಕೈಯಿಟ್ಟೆ.
ಬಿತ್ತು.
ಬೆಣ್ಣೆಗೆ ಚಾಕು ಇಳಿದಂತೆ ಅಂತಾರೆ. ಸುಳ್ಳು.
ಕಬ್ಬಿಣ ಕಬ್ಬಿಣಕ್ಕೆ "ಆಯ್ತು" ಅಂದ ಹಾಗೆ.
ಬೆನ್ನ ಹಿಂದೆ ಎಂಟೂ ಸಿಲಿಂಡರು ಒಟ್ಟಿಗೆ ಬಾಯಿ ತೆರೆದವು.
ಐವತ್ತೆರಡರ ನಾನು, ಎಷ್ಟೋ ಎಂಜಿನ್ ಬಿಚ್ಚಿ ಹರಡಿದವಳು,
ಒಬ್ಬಳೇ ಕೂತು ಜೋರಾಗಿ ಏನೋ ಅಂದೆ.
ಏನಂದೆನೋ ನೆನಪಿಲ್ಲ.

ಮರುದಿನ ಓಸ್ಮೊ ಬಿಲ್ಲು ನೋಡಲಿಲ್ಲ.
"ಎರಡನೆಯದು ಬಿತ್ತಾ?"
"ಬಿತ್ತು."
"ಎಲ್ಲಿ?"
"ಸೀಲಿನ್‌ಯಾರ್ವಿ ದಾಟಿದ ಮೇಲೆ."
ತಲೆಯಾಡಿಸಿದ, ತನ್ನದೇ ಮನೆಯ ವಿಳಾಸ
ಬೇರೆಯವರ ಬಾಯಲ್ಲಿ ಕೇಳಿದವನಂತೆ.

ಜನವರಿಯಲ್ಲೂ ಬರುತ್ತಾನೆ. ಹೊರಗೆ ಮೈನಸ್ ಇಪ್ಪತ್ತಾರು.
ಹೊದಿಕೆ ಅರ್ಧ ಸರಿಸಿ ಒಳಗಿಳಿದು ಕೂರುತ್ತಾನೆ.
ಚಾಲೂ ಮಾಡುವುದಿಲ್ಲ; ಚಳಿಯಲ್ಲಿ ಅದು ಎಂಜಿನ್ನಿಗೆ ಕೆಡುಕು,
ನಾನೇ ಹೇಳಿದ್ದು.
ಕ್ಲಚ್ ಒತ್ತುವ ಸದ್ದು ಮಾತ್ರ. ಒಂದು, ಮೂರು.
ಒಂದು, ಮೂರು.
ಯಾರದೋ ವೋಲ್ವೊದ ಕೆಳಗೆ ಮಲಗಿ
ಸ್ಪ್ಯಾನರು ಹಿಡಿದು ಕಾಯುತ್ತೇನೆ,
ಕರೆದಾನು, ಏಳಲು ಭುಜ ಬೇಕಲ್ಲ.